ಕಡತದ ಮೇಲಿನ ತಾರೀಖು

ಕೇಂದ್ರ ಸರ್ಕಾರದ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತನಾಗಿ ಸೇರಿದವನು ನಾನು. ಕೊನೆಯ 12 ವರ್ಷ ಒಂದು ಸಾರ್ವಜನಿಕ ಉದ್ದಿಮೆಯ ವಿಜಿಲೆನ್ಸ್ ವಿಭಾಗದಲ್ಲಿದ್ದು 2018ರಲ್ಲಿ ನಿವೃತ್ತನಾದೆ. ದೂರು ಓದುವುದು, ಕಡತ ತರಿಸಿ ನೋಡುವುದು, ಗೋದಾಮಿಗೋ ಕಾಮಗಾರಿಯ ಜಾಗಕ್ಕೋ ಟೇಪು ಹಿಡಿದು ಹೋಗಿ ಅಳೆದು ಬರುವುದು, ವರದಿ ಬರೆಯುವುದು ಇದೇ ನನ್ನ ಕೆಲಸ. ಈಗ ನೆಂಟರ ಮನೆಯ ಮದುವೆಗೆ ಹೋದರೂ ಯಾರಾದರೊಬ್ಬರು ಪಕ್ಕದ ಕುರ್ಚಿ ಎಳೆದುಕೊಂಡು ಕೇಳುತ್ತಾರೆ: "ಅಲ್ಲ ಸಾರ್, ಇಷ್ಟು ಕಾನೂನು, ಇಷ್ಟು ಆಯೋಗ ಇಟ್ಟುಕೊಂಡೂ ಯಾಕೆ ಹೀಗೆ?" ಪಂಕ್ತಿಯಲ್ಲಿ ಕೂತು ಹೇಳಿ ಮುಗಿಸುವ ಉತ್ತರ ಅದಲ್ಲ. ಕೆಲಸ ನನಗೆ ಕಲಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ದಿನ ಎಣಿಸಿ

ವಿಜಿಲೆನ್ಸ್‌ಗೆ ಹೋದ ಮೊದಲ ವರ್ಷ ಸಹಿಯಿಲ್ಲದ ಒಂದು ಪತ್ರ ಬಂತು. ಬಿಲ್ ಸೆಕ್ಷನ್ನಿನಲ್ಲಿ ನೂರಕ್ಕೆ ಎರಡು ರೂಪಾಯಿ ಕೊಡದೆ ಚೆಕ್ ಹೊರಗೆ ಬರುವುದಿಲ್ಲ ಎಂಬ ಒಂದೇ ಸಾಲು. ಹೆಸರಿಲ್ಲದ ದೂರಿನ ಮೇಲೆ ಕ್ರಮ ತೆಗೆದುಕೊಳ್ಳಬಾರದೆಂದು ನಿಯಮವಿದೆ. ಪತ್ರವನ್ನು ಹಾಗೇ ಫೈಲಿಗೆ ಹಾಕಿದೆ. ಆದರೆ ವಾಡಿಕೆಯ ತಪಾಸಣೆಗೆ ಯಾರ ದೂರೂ ಬೇಕಿಲ್ಲ. ಟಪಾಲು ರಿಜಿಸ್ಟರನ್ನೂ ಚೆಕ್ ರಿಜಿಸ್ಟರನ್ನೂ ತರಿಸಿ, ಉದ್ದದ ಕಾಗದದ ಮೇಲೆ ಎರಡು ಗೆರೆ ಎಳೆದು ಬರೆಯುತ್ತಾ ಹೋದೆ. ಬಿಲ್ ಒಳಗೆ ಬಂದ ತಾರೀಖು ಒಂದು ಕಡೆ, ಚೆಕ್ ಹೊರಗೆ ಹೋದ ತಾರೀಖು ಇನ್ನೊಂದು ಕಡೆ.

ಸುಮಾರು 200 ಬಿಲ್ ಬರೆಯುವ ಹೊತ್ತಿಗೆ ಚಿತ್ರ ಎದ್ದು ಕಂಡಿತು. ಕೆಲವು ಗುತ್ತಿಗೆದಾರರ ಬಿಲ್ ಮೂರು ನಾಲ್ಕು ದಿನಕ್ಕೆ ಪಾಸು. ಅದೇ ಬಗೆಯ ಕೆಲಸ, ಅದೇ ಗುಮಾಸ್ತ, ಅದೇ ತಿಂಗಳು; ಇನ್ನು ಕೆಲವರಿಗೆ 40 ದಿನ, 45 ದಿನ. ತಡವಾದ ಬಿಲ್ಲುಗಳಲ್ಲಿ ಒಂದೊಂದೇ ಆಕ್ಷೇಪಣೆ ಬಿಡಿಬಿಡಿಯಾಗಿ ಬಿದ್ದಿತ್ತು. 28ನೇ ದಿನ ರೆವಿನ್ಯೂ ಸ್ಟಾಂಪ್ ಇಲ್ಲವೆಂದು ವಾಪಸು, 36ನೇ ದಿನ ಡೆಲಿವರಿ ಚಲನ್ನಿನ ನಕಲು ಮಸುಕಾಗಿದೆಯೆಂದು ವಾಪಸು. ಯಾರೂ ತಪ್ಪೊಪ್ಪಿಕೊಳ್ಳಲಿಲ್ಲ. ಹಣ ಕೈ ಬದಲಾದದ್ದನ್ನು ಕಂಡವರೂ ಇರಲಿಲ್ಲ. ಆದರೆ ರಿಜಿಸ್ಟರಿನ ತಾರೀಖುಗಳನ್ನು ಯಾರಿಗೂ ಅಲ್ಲಗಳೆಯಲು ಆಗಲಿಲ್ಲ. ಬಿಲ್ಲುಗಳು ಬಂದ ಸರದಿಯಲ್ಲೇ ಹೋಗಬೇಕು, ಆಕ್ಷೇಪಣೆ ಏನಿದ್ದರೂ ಐದು ದಿನದೊಳಗೆ ಒಂದೇ ಸಲಕ್ಕೆ ಬರೆದು ಕಳಿಸಬೇಕು ಎಂಬ ಎರಡು ಸಾಲಿನ ಆದೇಶ ಹೊರಟಿತು. ಆಮೇಲೆ ಆ ಸೆಕ್ಷನ್ನಿನ ಬಗ್ಗೆ ಬರುತ್ತಿದ್ದ ದೂರು ತಾನಾಗಿಯೇ ಇಳಿಯಿತು.

ಲಾಲ್ ಬಹದ್ದೂರ್ ಶಾಸ್ತ್ರಿಯವರು ಗೃಹ ಸಚಿವರಾಗಿದ್ದಾಗ, 1962ರಲ್ಲಿ ನೇಮಿಸಿದ ಸಂತಾನಂ ಸಮಿತಿಯ ವರದಿಯನ್ನು ಓದಿದ್ದು ನಾನು ಇದಾದ ಮೇಲೆ. 1964ರ ಆ ವರದಿ ಇದನ್ನೇ ಹೇಳಿತ್ತು: ಲಂಚ ಕೊಡುವ ಎಷ್ಟೋ ಜನ ಕಾನೂನುಬಾಹಿರವಾದ ಏನನ್ನೂ ಕೇಳುತ್ತಿಲ್ಲ, ತಮ್ಮ ಕಡತ ಬೇಗ ಸರಿಯಲಿ ಎಂದಷ್ಟೇ ಕೊಡುತ್ತಿದ್ದಾರೆ. ನಾನು ಕಾಗದಕ್ಕೆ ಗೆರೆ ಎಳೆದು ಕಂಡುಕೊಂಡದ್ದು ಸರ್ಕಾರಕ್ಕೆ ಆಗಲೇ 40 ವರ್ಷದಿಂದ ಗೊತ್ತಿತ್ತು.

2. ಸಂಸ್ಥೆ ಕಟ್ಟಿದ್ದನ್ನೇ ಯೋಜನೆ ಎಂದುಕೊಳ್ಳಬಾರದು

ದೇಶದ ಮೊದಲ ಕೇಂದ್ರ ಜಾಗೃತ ಆಯುಕ್ತರು ನಮ್ಮವರು. ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ನಿಟ್ಟೂರು ಶ್ರೀನಿವಾಸರಾಯರು 1964ರಲ್ಲಿ ಆ ಕುರ್ಚಿಯಲ್ಲಿ ಕೂತರು. ಬೆಂಗಳೂರಿನಲ್ಲಿ ಸತ್ಯಶೋಧನ ಪ್ರಕಟಣ ಮಂದಿರ ಕಟ್ಟಿ ಕನ್ನಡ ಪುಸ್ತಕ ಹೊರತಂದವರೂ ಅವರೇ. ಆ ಹುದ್ದೆಗೆ ಅವರಿಗಿಂತ ತಕ್ಕವರು ಸಿಗುವುದು ಕಷ್ಟವಿತ್ತು. ಆದರೆ ಸರ್ಕಾರ ಜಾಗೃತ ಆಯೋಗವನ್ನು ಹುಟ್ಟುಹಾಕಿದ್ದು ಒಂದು ನಿರ್ಣಯದ ಮೂಲಕ. ಅದರ ಬೆನ್ನಿಗೆ ಕಾನೂನಿರಲಿಲ್ಲ. ಅದು ಸಲಹೆ ಕೊಡಬಹುದಿತ್ತು, ಅಷ್ಟೇ. ಹವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1997ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟು, ಆಯೋಗಕ್ಕೆ ಶಾಸನದ ಬಲ ಕೊಡಿ ಎನ್ನಬೇಕಾಯಿತು. ಸಂಸತ್ತು ಆ ಕಾನೂನು ಮಾಡಿದ್ದು 2003ರಲ್ಲಿ.

ಲೋಕಪಾಲದ ಕಥೆ ಇದಕ್ಕಿಂತ ಉದ್ದ. ಮೊದಲ ಆಡಳಿತ ಸುಧಾರಣಾ ಆಯೋಗ 1966ರಲ್ಲಿ ಲೋಕಪಾಲ ಬೇಕೆಂದು ಶಿಫಾರಸು ಮಾಡಿತು. ಆಗ ಮೊರಾರ್ಜಿ ದೇಸಾಯಿ ಅದರ ಅಧ್ಯಕ್ಷರು. ಮರುವರ್ಷ ಆ ಜಾಗಕ್ಕೆ ಬಂದವರು ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು. 1968ರಲ್ಲಿ ಮೊದಲ ಮಸೂದೆ ಬಂತು. ಆಗ ನಾನು ಪ್ರಾಥಮಿಕ ಶಾಲೆಯ ಹುಡುಗ. ಮಸೂದೆಯ ಮೇಲೆ ಮಸೂದೆ ಬಿದ್ದುಹೋಗಿ, ಕೊನೆಗೆ ಕಾನೂನು ಆದದ್ದು 2013ರಲ್ಲಿ. ಜಾರಿಗೆ ಬಂದದ್ದು 2014ರ ಜನವರಿಯಲ್ಲಿ. ಮೊದಲ ಲೋಕಪಾಲರಾಗಿ ನ್ಯಾಯಮೂರ್ತಿ ಪಿನಾಕಿ ಚಂದ್ರ ಘೋಷ್ ನೇಮಕವಾದದ್ದು 2019ರ ಮಾರ್ಚಿನಲ್ಲಿ. ಅಷ್ಟರಲ್ಲಿ ನಾನು ಪಿಂಚಣಿ ತೆಗೆದುಕೊಳ್ಳುತ್ತಿದ್ದೆ. ಶಿಫಾರಸಿನಿಂದ ನೇಮಕಕ್ಕೆ 53 ವರ್ಷ ಹಿಡಿಯಿತು. 45 ದಿನ ಬಿಲ್ ಇಟ್ಟುಕೊಂಡ ಗುಮಾಸ್ತನಿಗೆ ನೋಟಿಸು ಕೊಡುವ ವ್ಯವಸ್ಥೆ ತನ್ನ ಈ ವಿಳಂಬಕ್ಕೂ ಯಾರಿಗಾದರೂ ಉತ್ತರ ಹೇಳಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಕಟ್ಟಿದ್ದನ್ನು ಮುರಿದು ಕಟ್ಟುವುದೂ ಇದೆ. ಕರ್ನಾಟಕದ ಲೋಕಾಯುಕ್ತ ಕಾಯ್ದೆ 1984ರದು. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಬಂತು, ಲೋಕಾಯುಕ್ತ ಪೊಲೀಸರ ಕೆಲಸ ಅತ್ತ ಹೋಯಿತು. 2022ರ ಆಗಸ್ಟಿನಲ್ಲಿ ಹೈಕೋರ್ಟ್ ಆ ದಳವನ್ನು ರದ್ದು ಮಾಡಿತು, ಕೆಲಸ ಮತ್ತೆ ಲೋಕಾಯುಕ್ತಕ್ಕೆ ಬಂತು. ಕಡತಗಳು ಹೀಗೆ ಮನೆ ಬದಲಾಯಿಸುವಾಗಲೆಲ್ಲ ತನಿಖೆಯ ದಿನಗಳು ಕರಗುತ್ತವೆ, ಸಾಕ್ಷಿಗಳ ನೆನಪು ಮಾಸುತ್ತದೆ.

3. ಟೆಂಡರಿಗಿಂತ ಅಳತೆ ಪುಸ್ತಕದ ಮೇಲೆ ಕಣ್ಣಿಡಿ

ದೊಡ್ಡ ಹಣ ಹೋಗುವುದು ಕಾಮಗಾರಿಯಲ್ಲಿ. ಅಲ್ಲಿ ಎಲ್ಲರ ಗಮನವೂ ಟೆಂಡರ್ ತೆರೆಯುವ ದಿನದ ಮೇಲೆ. ಇ-ಟೆಂಡರ್ ಬಂದ ಮೇಲೆ ಪೆಟ್ಟಿಗೆ ಹೊತ್ತೊಯ್ಯುವುದು, ಲಕೋಟೆ ಹರಿಯುವುದು, ಬಾಗಿಲಲ್ಲಿ ಪುಂಡರನ್ನು ನಿಲ್ಲಿಸುವುದು ನಿಂತಿತು. ಇದು ನಿಜವಾದ ಗೆಲುವು. 2016ರಲ್ಲಿ ಬಂದ ಸರ್ಕಾರಿ ಇ-ಮಾರುಕಟ್ಟೆ 'ಜೆಮ್'ನಿಂದಲೂ ಕುರ್ಚಿ, ಕಂಪ್ಯೂಟರಿನಂಥ ಖರೀದಿಯಲ್ಲಿ ಬೆಲೆ ಎಲ್ಲರ ಕಣ್ಣಿಗೂ ಬೀಳುವಂತಾಯಿತು. ಆದರೆ ನಾನು ಕಂಡಂತೆ, ಕಳ್ಳತನ ಎರಡು ಕಡೆ ಸರಿದುಕೊಂಡಿತು. ಒಂದು, ಟೆಂಡರಿಗೆ ಮುಂಚಿನ ಅರ್ಹತೆಯ ಷರತ್ತು. ಒಬ್ಬನ ಅಂಗಿಯ ಅಳತೆ ತೆಗೆದು ಹೊಲಿದ ಹಾಗೆ ಬರೆದ ಷರತ್ತುಗಳನ್ನು ನೋಡಿದ್ದೇನೆ. ಎರಡನೆಯದು, ಕೆಲಸದ ಆದೇಶ ಕೊಟ್ಟ ಮೇಲಿನ ಅಳತೆ ಪುಸ್ತಕ, ನಮ್ಮ ಮಾತಿನಲ್ಲಿ ಎಂ.ಬಿ.

ಒಂದು ಕಟ್ಟಡದ ಅಡಿಪಾಯದ ಕೆಲಸ. ಅಂದಾಜು ಪಟ್ಟಿಯಲ್ಲಿ ಮಣ್ಣು ಅಗೆತ ಜಾಸ್ತಿ, ಗಟ್ಟಿ ಬಂಡೆ ಅಗೆತ ಬರೀ 50 ಘನ ಮೀಟರ್. ಗೆದ್ದ ಗುತ್ತಿಗೆದಾರ ಮಣ್ಣಿಗೆ ಕೂಲಿಯೂ ಹುಟ್ಟದಷ್ಟು ಕಡಿಮೆ ದರ ಹಾಕಿದ್ದ, ಬಂಡೆಗೆ ಮಾರುಕಟ್ಟೆಯ ಮೂರು ಪಟ್ಟು. ಬಂಡೆ ಇರುವುದೇ ಅಷ್ಟು ಸ್ವಲ್ಪವಾದ್ದರಿಂದ ಒಟ್ಟು ಮೊತ್ತದಲ್ಲಿ ಅವನೇ ಎಲ್ಲರಿಗಿಂತ ಕೆಳಗೆ ಬಂದ. ಕೆಲಸ ಮುಗಿದಾಗ ಎಂ.ಬಿ.ಯಲ್ಲಿ ಬಂಡೆ 900 ಘನ ಮೀಟರ್! ಮಣ್ಣು ಅದಕ್ಕೆ ತಕ್ಕಂತೆ ಇಳಿದಿತ್ತು. ಎರಡನೆಯವನಿಗೆ ಕೆಲಸ ಕೊಟ್ಟಿದ್ದರೆ ಆಗುತ್ತಿದ್ದ ಖರ್ಚಿಗಿಂತ ಎಷ್ಟೋ ಲಕ್ಷ ಹೆಚ್ಚು ಪಾವತಿಯಾಗಿತ್ತು.

ನಾನು ಹೋಗುವ ಹೊತ್ತಿಗೆ ಅಡಿಪಾಯ ತುಂಬಿ ಗೋಡೆ ಎದ್ದಿತ್ತು. ನೆಲದ ಕೆಳಗೆ ಇದ್ದದ್ದು ಬಂಡೆಯೋ ಮಣ್ಣೋ ಎಂದು ನೋಡುವ ದಾರಿಯೇ ಇಲ್ಲ. ಎದುರಿನ ಚಹಾದಂಗಡಿಯವರು ಹೇಳಿದರು: "ಜೆಸಿಬಿ ಬಂದಿತ್ತು ಸಾರ್, ಎರಡೇ ದಿನ. ಬಂಡೆ ಎಲ್ಲಿದ್ದಾವು, ನಮ್ಮ ಕಡೆ ಎಲ್ಲಾ ಕೆಮ್ಮಣ್ಣು." ಬಂಡೆ ಸಿಡಿಸಲು ಮದ್ದು ತಂದ ಕಾಗದವಿರಲಿಲ್ಲ, ಬ್ರೇಕರ್ ಬಾಡಿಗೆಗೆ ತಂದ ರಸೀದಿಯೂ ಇರಲಿಲ್ಲ. 900 ಘನ ಮೀಟರ್ ಕಲ್ಲು ಹೊರಗೆ ಬಂದಿದ್ದರೆ ಅದನ್ನು ಎಲ್ಲಿ ಹಾಕಿದರು ಎಂಬ ಪ್ರಶ್ನೆಗೆ ಇಂಜಿನಿಯರರಲ್ಲಿ ಉತ್ತರವಿರಲಿಲ್ಲ. ಪ್ರಕರಣ ನಿಂತದ್ದು ಈ ಇಲ್ಲದ ಕಲ್ಲಿನ ಮೇಲೆ.

ಇಂಥದ್ದನ್ನು ತಡೆಯುವುದು ಕಷ್ಟವಲ್ಲ. ಗುಂಡಿ ತೆರೆದಿರುವಾಗಲೇ ಹೊರಗಿನ ಒಬ್ಬ ಇಂಜಿನಿಯರ್ ಬಂದು ನೋಡಬೇಕು; ಸ್ಥಳ, ಸಮಯ ಮೂಡಿರುವ ಫೋಟೊ ಎಂ.ಬಿ.ಯ ಜೊತೆಗಿರಬೇಕು, ಅಂದಾಜಿಗಿಂತ ಕಾಲುಭಾಗ ಮೀರಿದ ಪ್ರತಿ ಐಟಂ ಕಾರಣದ ಸಮೇತ ಸಾರ್ವಜನಿಕರ ಕಣ್ಣಿಗೆ ಬೀಳುವಂತಿರಬೇಕು. ಜಾಗೃತ ಆಯೋಗದಲ್ಲಿ ಮುಖ್ಯ ತಾಂತ್ರಿಕ ಪರೀಕ್ಷಕರ ವಿಭಾಗವೊಂದಿದೆ. ಅವರು ಕಾಮಗಾರಿಗೆ ಬಂದು ಪರೀಕ್ಷಿಸಿದಾಗ ಮಾಡುವ ಕೆಲಸ ಬಹಳ ಗಟ್ಟಿ. ಆದರೆ ಇಷ್ಟು ದೊಡ್ಡ ದೇಶದ ಕಾಮಗಾರಿಗಳಲ್ಲಿ ಅವರು ಮುಟ್ಟಲು ಸಾಧ್ಯವಾಗುವುದು ಬೆರಳೆಣಿಕೆಯಷ್ಟು. ಭ್ರಷ್ಟಾಚಾರ ತಡೆಗೆ ಹಣ ಎಲ್ಲಿ ಹಾಕಬೇಕೆಂದು ನನ್ನನ್ನು ಕೇಳಿದರೆ ಮೊದಲ ರೂಪಾಯಿಯನ್ನು ಅಲ್ಲಿ ಹಾಕಿ ಎನ್ನುತ್ತೇನೆ.

4. ಸರದಿ ಮುರಿಯಲಾಗದಂತೆ ದಾರಿ ಕಟ್ಟಿ

2000ದ ಆಸುಪಾಸಿನಲ್ಲಿ ಕರ್ನಾಟಕದಲ್ಲಿ 'ಭೂಮಿ' ಬಂದಾಗ ಪಹಣಿ ಗಣಕೀಕರಣವಾಯಿತು ಎಂದು ಎಲ್ಲರೂ ಹೊಗಳಿದರು. ನನ್ನ ಮನಸ್ಸಿಗೆ ಹಿಡಿದದ್ದು ಇನ್ನೊಂದು ವಿಷಯ. 15 ರೂಪಾಯಿಗೆ ಯಾರು ಬೇಕಾದರೂ ಪಹಣಿ ತೆಗೆದುಕೊಳ್ಳಬಹುದಿತ್ತು, ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ತೆರೆಯುವಂತೆ ಅದನ್ನು ಕಟ್ಟಿದ್ದರು. ಹಿಂದೆ ಬಂದದ್ದನ್ನು ಮುಂದಕ್ಕೆ ತೆಗೆಯುವ ಅಧಿಕಾರ ಮೇಜಿನ ಹಿಂದೆ ಕೂತವರ ಕೈಯಿಂದ ಜಾರಿತು. ಅಧಿಕಾರಿಗೆ ಸರದಿ ಮುರಿಯಲು ಆಗದಿದ್ದರೆ ಮಾರಲು ಅವನ ಬಳಿ ಏನಿದೆ?

ದಿನಕ್ಕೆ ಬೆಲೆ ಕಟ್ಟಿದ ಕಾನೂನುಗಳೂ ಇವೆ. 2005ರ ಮಾಹಿತಿ ಹಕ್ಕು ಕಾಯ್ದೆ 30 ದಿನ ಕೊಟ್ಟು, ಮೀರಿದರೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡವನ್ನು ಅಧಿಕಾರಿಯ ಸಂಬಳದಿಂದಲೇ ಕೀಳಲು ಅವಕಾಶ ಮಾಡಿತು. ನಮ್ಮ ಕಚೇರಿಯಲ್ಲಿ ಅದು ತಂದ ಬದಲಾವಣೆ ನನ್ನ ಕಣ್ಣಾರೆ ಕಂಡದ್ದು: ಟಿಪ್ಪಣಿ ಬರೆಯುವವರು ನಾಳೆ ಇದನ್ನು ಹೊರಗಿನವರು ಓದುತ್ತಾರೆ ಎಂಬ ಎಚ್ಚರದಿಂದ ಬರೆಯತೊಡಗಿದರು. ಕರ್ನಾಟಕದಲ್ಲಿ 2012ರ ಏಪ್ರಿಲಿನಲ್ಲಿ ಶುರುವಾದ 'ಸಕಾಲ'ದಲ್ಲಿ ತಡವಾದ ಪ್ರತಿ ದಿನಕ್ಕೆ ಅರ್ಜಿದಾರನಿಗೆ 20 ರೂಪಾಯಿ, ಹೆಚ್ಚೆಂದರೆ 500. ಮೊತ್ತ ತೀರಾ ಚಿಕ್ಕದು, ಕೇಳಿ ಪಡೆದವರೂ ಕಡಿಮೆ. ಆದರೂ ನಿನ್ನ ಕಾಯುವಿಕೆಗೆ ಸರ್ಕಾರ ಬಾಧ್ಯಸ್ಥ ಎಂದು ಕಾನೂನು ಒಪ್ಪಿಕೊಂಡದ್ದು ದೊಡ್ಡ ವಿಷಯ. ಇಡೀ ದೇಶಕ್ಕೆ ಇಂಥದೊಂದು ಕಾನೂನು ತರುವ ಮಸೂದೆ 2011ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು. 2014ರಲ್ಲಿ ಸಭೆ ವಿಸರ್ಜನೆಯಾದಾಗ ಅದರ ಜೊತೆಗೇ ಬಿದ್ದುಹೋಯಿತು. ಮತ್ತೆ ಎತ್ತಿಕೊಳ್ಳಬೇಕಾದದ್ದು ಅದು.

5. ಮೂರು ವರ್ಷಕ್ಕೊಮ್ಮೆ ಕುರ್ಚಿ ಬದಲಾಗಲಿ

ಖರೀದಿ, ಬಿಲ್, ನೇಮಕಾತಿಯಂಥ ಸೂಕ್ಷ್ಮ ಹುದ್ದೆಗಳಲ್ಲಿ ಒಬ್ಬರೇ ಬಹುಕಾಲ ಇರಬಾರದು ಎಂದು ಜಾಗೃತ ಆಯೋಗ ಎಂದೋ ಹೇಳಿದೆ. ಪಟ್ಟಿ ಮಾಡಿ ಬದಲಾಯಿಸಿದರೆ ಸಾಕು, ಖರ್ಚಿಲ್ಲ. "ಅವರಿಲ್ಲದಿದ್ದರೆ ಈ ಸೆಕ್ಷನ್ ನಡೆಯೋದೇ ಇಲ್ಲ" ಎಂಬ ಮಾತು ಕೇಳಿದ ಕಡೆಯೆಲ್ಲ ನಾನು ಮೊದಲು ತಪಾಸಣೆಗೆ ಹೋಗುತ್ತಿದ್ದೆ. ಹೋಗಿ ಪಶ್ಚಾತ್ತಾಪಪಟ್ಟದ್ದು ಕಡಿಮೆ.

6. ಬಲೆಗೆ ಬಿದ್ದ ದಿನ ಕೆಲಸ ಮುಗಿಯುವುದಿಲ್ಲ

ವಿಜಿಲೆನ್ಸ್‌ಗೆ ಬರುವ ಎಷ್ಟೋ ಮೊದಲು, ಲೆಕ್ಕಪತ್ರ ವಿಭಾಗದಲ್ಲಿದ್ದಾಗ, ಒಂದು ಲಂಚದ ಪ್ರಕರಣಕ್ಕೆ ನನ್ನನ್ನು ಪಂಚನಾಗಿ ಕರೆದರು. ಇಂಥ ದಾಳಿಗೆ ಬೇರೆ ಕಚೇರಿಯ ಸರ್ಕಾರಿ ನೌಕರರನ್ನು ಸಾಕ್ಷಿಯಾಗಿ ಕರೆಸುವುದು ವಾಡಿಕೆ. ದೂರುದಾರ ಸುಣ್ಣಬಣ್ಣದ ಸಣ್ಣ ಗುತ್ತಿಗೆದಾರ. ನೋಟುಗಳಿಗೆ ಫಿನಾಫ್ತಲೀನ್ ಪುಡಿ ಸವರಿ, ನಂಬರು ಬರೆದುಕೊಂಡು, ಅವನ ಜೇಬಿಗಿಟ್ಟರು. ನಾನು ನೆರಳು ಸಾಕ್ಷಿ. ಅವನ ಜೊತೆಗೆ ಹೋಗಿ ಮಾತು ಕೇಳಿಸಿಕೊಳ್ಳಬೇಕು. ಹಣ ತೆಗೆದುಕೊಂಡವರ ಬೆರಳನ್ನು ಸೋಡಾ ದ್ರಾವಣದಲ್ಲಿ ಅದ್ದಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಮಹಜರಿಗೆ ಸಹಿ ಹಾಕಿ ಮನೆಗೆ ಬಂದೆ. ನ್ಯಾಯ ಆಯಿತು ಎಂದುಕೊಂಡೆ.

ಸಾಕ್ಷಿ ಹೇಳಲು ನನ್ನನ್ನು ಕೋರ್ಟು ಕರೆದದ್ದು ಏಳು ವರ್ಷದ ಮೇಲೆ. ಹಣವನ್ನು ಎಡಗೈಯಲ್ಲಿ ತೆಗೆದುಕೊಂಡರೋ ಬಲಗೈಯಲ್ಲೋ, ಅಂಗಿಯ ಜೇಬಿಗೆ ಹಾಕಿದರೋ ಡ್ರಾಯರಿಗೋ, ಬಾಗಿಲಿಂದ ಮೇಜಿಗೆ ಎಷ್ಟು ದೂರ ಎಂದು ಆರೋಪಿಯ ವಕೀಲರು ಕೇಳುತ್ತಾ ಹೋದರು. ಮಹಜರು ಓದಿಕೊಂಡು ಹೋಗಿದ್ದರೂ ಒಂದೆರಡು ಕಡೆ ತಡವರಿಸಿದೆ. ಹೊರಗೆ ಬೆಂಚಿನ ಮೇಲೆ ಆ ಬಣ್ಣದ ಗುತ್ತಿಗೆದಾರ ಕೂತಿದ್ದ. ಪ್ರತಿ ವಾಯಿದೆಗೂ ಒಂದು ದಿನದ ದುಡಿಮೆ ಬಿಟ್ಟು ಬರುತ್ತಿದ್ದ. ಆ ಕಚೇರಿಯಿಂದ ಅವನಿಗೆ ಮತ್ತೆ ಕೆಲಸವೇ ಸಿಗಲಿಲ್ಲವಂತೆ. "ಇನ್ನೊಂದು ಸಲ ದೂರು ಕೊಡ್ತೀರಾ?" ಎಂದು ಕೇಳಿದೆ. ಅವನು ತಲೆಯಾಡಿಸಿ ಸುಮ್ಮನಾದ.

ಕಾನೂನಿನಲ್ಲಿ ದಿನದ ಲೆಕ್ಕ ಇಲ್ಲವೆಂದಲ್ಲ. 2018ರಲ್ಲಿ ತಿದ್ದುಪಡಿಯಾದ ಭ್ರಷ್ಟಾಚಾರ ತಡೆ ಕಾಯ್ದೆ, ವಿಚಾರಣೆಯನ್ನು ಎರಡು ವರ್ಷದಲ್ಲಿ ಮುಗಿಸಲು ಯತ್ನಿಸಬೇಕು, ವಿಸ್ತರಿಸಿದರೂ ಒಟ್ಟು ನಾಲ್ಕು ವರ್ಷ ಮೀರಬಾರದು ಎನ್ನುತ್ತದೆ. ಮೊಕದ್ದಮೆ ಹೂಡಲು ಮಂಜೂರಾತಿಯ ತೀರ್ಮಾನಕ್ಕೆ ಮೂರು ತಿಂಗಳು, ಬೇಕಾದರೆ ಇನ್ನೊಂದು ತಿಂಗಳು. ಇಲಾಖಾ ವಿಚಾರಣೆ ಆದಷ್ಟು ಆರು ತಿಂಗಳಲ್ಲಿ, ಹೆಚ್ಚೆಂದರೆ ಒಂದು ವರ್ಷದಲ್ಲಿ ಮುಗಿಯಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಕೊರತೆ ಇರುವುದು ಆ ದಿನಗಳನ್ನು ಸಾಧ್ಯ ಮಾಡುವ ಜನರದು. ವಿಶೇಷ ನ್ಯಾಯಾಧೀಶರು, ಅಭಿಯೋಜಕರು, ಧ್ವನಿ ಮುದ್ರಿಕೆ ಪರೀಕ್ಷಿಸುವ ಪ್ರಯೋಗಾಲಯದ ತಜ್ಞರು ಎಷ್ಟು ಬೇಕೆಂದು ಲೆಕ್ಕ ಹಾಕಿ ಬಜೆಟ್ಟಿನಲ್ಲಿ ಹಣ ಇಡದ ಯೋಜನೆ ನನ್ನ ಕಣ್ಣಿಗೆ ಯೋಜನೆಯೇ ಅಲ್ಲ.

ಇನ್ನೊಂದು ಮಾತು. ಕೇಂದ್ರದ ಪಿಂಚಣಿ ನಿಯಮದ ಪ್ರಕಾರ, ನೌಕರ ನಿವೃತ್ತನಾದ ಮೇಲೆ, ನಾಲ್ಕು ವರ್ಷಕ್ಕಿಂತ ಹಳೆಯ ಘಟನೆಯ ಬಗ್ಗೆ ಹೊಸದಾಗಿ ಇಲಾಖಾ ವಿಚಾರಣೆ ಶುರು ಮಾಡುವಂತಿಲ್ಲ. ಈ ನಾಲ್ಕು ವರ್ಷ ದಾಟಿಸುವುದಕ್ಕಾಗಿಯೇ ಕಡತ ಸೆಕ್ಷನ್ನಿನಿಂದ ಸೆಕ್ಷನ್ನಿಗೆ ಅಲೆದದ್ದನ್ನು ಕೇಳಿ ಬಲ್ಲೆ. ನಿವೃತ್ತಿ ಹತ್ತಿರವಿರುವವರ ಪ್ರಕರಣಗಳಿಗೆ ಬೇರೆಯೇ ಪಟ್ಟಿ ಇಟ್ಟು, ಪ್ರತಿ ಸೋಮವಾರ ಅದನ್ನು ನೋಡುವ ಅಭ್ಯಾಸ ಮಾಡಿಕೊಂಡೆ. ಈಗಿನ ವಿಜಿಲೆನ್ಸ್ ಅಧಿಕಾರಿಗಳಿಗೂ ಇದನ್ನೇ ಹೇಳುತ್ತೇನೆ.

7. ತಪ್ಪೂ ಕಳ್ಳತನವೂ ಒಂದೇ ಅಲ್ಲ

ಒಂದು ಮಳೆಗಾಲದ ರಾತ್ರಿ ಕಾರ್ಖಾನೆಯ ನೆಲಮಾಳಿಗೆಗೆ ನೀರು ನುಗ್ಗಿತು. ಡ್ಯೂಟಿಯಲ್ಲಿದ್ದ ಅಧಿಕಾರಿ ಟೆಂಡರು, ಕೊಟೇಶನ್ನು ಯಾವುದೂ ಇಲ್ಲದೆ, ಸಿಕ್ಕ ಕಡೆಯಿಂದ ದುಪ್ಪಟ್ಟು ಬಾಡಿಗೆಗೆ ಪಂಪು ತರಿಸಿ ಯಂತ್ರಗಳನ್ನು ಉಳಿಸಿದರು. ಆಡಿಟ್ ಆಕ್ಷೇಪಣೆ ಬಂತು. ನಿಯಮ ಮೀರಿದ್ದು ನಿಜ. ಆರೋಪ ಪಟ್ಟಿ ಕೊಟ್ಟರು, ಬಡ್ತಿಯ ಶಿಫಾರಸು ಮುಚ್ಚಿದ ಲಕೋಟೆಯೊಳಗೆ ಕೂತಿತು. ಮೂರು ವರ್ಷದ ಮೇಲೆ ನಿರ್ದೋಷಿ ಎಂದಾಯಿತು. ಅಷ್ಟರಲ್ಲಿ ಅವರ ಕೈಕೆಳಗಿನ ಹುಡುಗರೆಲ್ಲ ಒಂದು ಪಾಠ ಕಲಿತಿದ್ದರು: ಸಹಿ ಹಾಕಬೇಡ. ಮುಂದಿನ ಮಳೆಗಾಲದಲ್ಲಿ ಏನಾಯಿತೆಂದು ಬರೆಯಲು ನನಗೆ ಈಗಲೂ ಸಂಕಟವಾಗುತ್ತದೆ.

ಅಂದಿನಿಂದ ಪ್ರತಿ ಕಡತದಲ್ಲೂ ಮೂರು ಪ್ರಶ್ನೆ ಕೇಳಿಕೊಂಡೆ. ಲಾಭ ಯಾರಿಗೆ ಹೋಯಿತು? ಕಾರಣವನ್ನು ಆ ದಿನವೇ ಬರೆದಿಟ್ಟಿದ್ದಾರೆಯೇ? ಇದೇ ತಪ್ಪು ಅದೇ ವ್ಯಕ್ತಿಗೆ ಅನುಕೂಲವಾಗುವಂತೆ ಮತ್ತೆ ಮತ್ತೆ ಆಗಿದೆಯೇ? ದುರುದ್ದೇಶವಿಲ್ಲದಿದ್ದರೂ ಬೇರೆಯವರಿಗೆ ಲಾಭವಾಯಿತೆಂದರೆ ಅಪರಾಧವಾಗುತ್ತಿದ್ದ ಹಳೆಯ ಕಲಮಿನ ಭಾಗವನ್ನು 2018ರ ತಿದ್ದುಪಡಿ ತೆಗೆದುಹಾಕಿತು. ಅದು ಸರಿ. ಅದೇ ತಿದ್ದುಪಡಿ 17ಎ ಕಲಮನ್ನೂ ತಂದಿತು: ಅಧಿಕಾರಿಯ ತೀರ್ಮಾನ ಅಥವಾ ಶಿಫಾರಸಿನ ಬಗ್ಗೆ ತನಿಖೆಗೆ ಮೊದಲೇ ಸರ್ಕಾರದ ಅನುಮತಿ ಬೇಕು, ಸ್ಥಳದಲ್ಲೇ ಸಿಕ್ಕಿಬಿದ್ದವರಿಗೆ ಈ ರಕ್ಷಣೆ ಇಲ್ಲ. ಪ್ರಾಮಾಣಿಕರಿಗೆ ಧೈರ್ಯ ಬೇಕು ಎಂಬುದನ್ನು ಪಂಪಿನ ಆ ಅಧಿಕಾರಿಯನ್ನು ನೋಡಿದ ನಾನು ಒಪ್ಪುತ್ತೇನೆ. ಆದರೆ ಅನುಮತಿ ಕೊಡುವವರೂ ಅದೇ ಸರ್ಕಾರವಾದರೆ, ಸಚಿವರು ಹೇಳಿ ಮಾಡಿಸಿದ ತೀರ್ಮಾನದ ತನಿಖೆಗೆ ಅನುಮತಿ ಬರುವುದು ಎಲ್ಲಿಂದ? ಆ ಅಧಿಕಾರ ಸರ್ಕಾರದ ಹೊರಗಿನ ಸ್ವತಂತ್ರ ಸಂಸ್ಥೆಯ ಕೈಯಲ್ಲಿರಬೇಕು.

8. ಪ್ರಮಾಣವಚನದ ವಾರವನ್ನು ಕೆಲಸಕ್ಕೆ ಬಳಸಿ

ಸರ್ದಾರ್ ಪಟೇಲರ ಜನ್ಮದಿನ ಅಕ್ಟೋಬರ್ 31. ಅದನ್ನು ಒಳಗೊಂಡಂತೆ ಪ್ರತಿ ವರ್ಷ ಜಾಗೃತಿ ಸಪ್ತಾಹ ನಡೆಯುತ್ತದೆ. ಪ್ರಮಾಣವಚನ, ಪ್ರಬಂಧ ಸ್ಪರ್ಧೆ, ಬ್ಯಾನರು. ನಾವು ಒಂದು ವರ್ಷ ಅದೇ ವಾರ ಬಾಕಿ ಬಿಲ್ಲುಗಳ ಪಟ್ಟಿಯನ್ನು ತಾರೀಖಿನ ಸಮೇತ ಗೇಟಿನ ಹತ್ತಿರದ ನೋಟಿಸ್ ಬೋರ್ಡಿಗೆ ಹಾಕಿದೆವು. ವಾರ ಮುಗಿಯುವುದರೊಳಗೆ ಪಟ್ಟಿಯ ಮುಕ್ಕಾಲು ಭಾಗ ಖಾಲಿಯಾಯಿತು.

9. ದೇಶದ ಯೋಜನೆಗೂ ಹೊಣೆಗಾರ ಬೇಕು

ಭ್ರಷ್ಟಾಚಾರದ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದ 2003ರದು. ಅದರ 5ನೇ ವಿಧಿ ಪ್ರತಿ ದೇಶವೂ ಪರಸ್ಪರ ಹೊಂದಿಕೊಂಡ ತಡೆ ನೀತಿಗಳನ್ನು ರೂಪಿಸಿ, ಅವು ಸಾಕೇ ಎಂದು ಆಗಾಗ ಪರಿಶೀಲಿಸಬೇಕು ಎನ್ನುತ್ತದೆ. ಭಾರತ 2005ರಲ್ಲಿ ಸಹಿ ಹಾಕಿ, 2011ರ ಮೇನಲ್ಲಿ ಅನುಮೋದಿಸಿತು. ಇದಕ್ಕೆ ಮೊದಲೇ, 2010ರಲ್ಲಿ, ಜಾಗೃತ ಆಯೋಗ ರಾಷ್ಟ್ರೀಯ ಭ್ರಷ್ಟಾಚಾರ ನಿಗ್ರಹ ಕಾರ್ಯತಂತ್ರದ ಕರಡೊಂದನ್ನು ಹೊರತಂದಿತ್ತು. ಅದು ಸರ್ಕಾರ ತನ್ನದೆಂದು ಒಪ್ಪಿಕೊಂಡು ನಡೆಸುವ ಯೋಜನೆಯಾಗಲಿಲ್ಲ. ಎಂ. ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2007ರಲ್ಲಿ ಆಡಳಿತದಲ್ಲಿ ನೈತಿಕತೆಯ ಬಗ್ಗೆಯೇ ಒಂದು ಪೂರ್ತಿ ವರದಿ ಕೊಟ್ಟಿತ್ತು. ನಮ್ಮಲ್ಲಿ ವಿಚಾರಕ್ಕೆ ಬರವಿಲ್ಲ.

ಹಾಂಗ್‌ಕಾಂಗ್ 1974ರಲ್ಲಿ ತನ್ನ ಸ್ವತಂತ್ರ ಆಯೋಗ ಕಟ್ಟಿದಾಗ ಕೆಲಸವನ್ನು ಮೂರು ಪಾಲು ಮಾಡಿತು: ತನಿಖೆ, ತಡೆ, ಜನರ ನಡುವಿನ ಕೆಲಸ. ತಡೆ ವಿಭಾಗದವರು ಬೇರೆ ಇಲಾಖೆಗಳ ಕೆಲಸದ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಪರೀಕ್ಷಿಸಿ, ಲಂಚಕ್ಕೆ ಎಡೆ ಇರುವ ಕಡೆ ಅದನ್ನು ಬದಲಿಸಲು ಹೇಳುತ್ತಾರೆ. ನಾನು ಬಿಲ್ ಸೆಕ್ಷನ್ನಿನಲ್ಲಿ ಎರಡು ಗೆರೆ ಎಳೆದು ಮಾಡಿದ್ದನ್ನು ಅವರು ಇಡೀ ಸರ್ಕಾರಕ್ಕೆ ಮಾಡುತ್ತಾರೆ. ಅದು ಒಂದು ನಗರ, ನಮ್ಮದು ದೊಡ್ಡ ಒಕ್ಕೂಟ. ಹಾಗೇ ತಂದು ಇಲ್ಲಿ ಇಳಿಸಲಾಗದು. ಆದರೆ ಪ್ರತಿ ಸಚಿವಾಲಯವೂ ಜನರನ್ನು ಅತಿ ಹೆಚ್ಚು ಕಾಯಿಸುವ ತನ್ನ ಹತ್ತು ಕೆಲಸಗಳನ್ನು ಪಟ್ಟಿ ಮಾಡಲಿ. ಒಂದೊಂದರ ಎದುರಿಗೂ ಹೊಣೆ ಹೊತ್ತ ಹುದ್ದೆ, ಮುಗಿಸುವ ತಾರೀಖು, ಕಳೆದ ವರ್ಷ ಹಿಡಿದ ದಿನ, ಈ ವರ್ಷ ಹಿಡಿದ ದಿನ ಬರೆಯಲಿ. ವರ್ಷಕ್ಕೊಮ್ಮೆ ಅದು ಸಂಸತ್ತಿನ ಮುಂದೆ ಬರಲಿ.

10. ದೂರು ಕೊಟ್ಟವರ ಹೆಸರು ಕಾಪಾಡಿ

ನನ್ನಿಂದ ಒಂದು ತ‍ಪ್ಪಾಯಿತು, ಅದನ್ನು ಮುಚ್ಚಿಡಲಾರೆ. ವಿಜಿಲೆನ್ಸ್‌ಗೆ ಹೊಸಬನಾಗಿದ್ದಾಗ ಗೋದಾಮಿನ ಒಬ್ಬ ನೌಕರ, ಗುಜರಿ ಮಾರಾಟದಲ್ಲಿ ತೂಕದ ಮೋಸವಾಗುತ್ತಿದೆಯೆಂದು ಬರೆದು ಕೊಟ್ಟ. ಲಾರಿ ಖಾಲಿಯಾಗಿ ತೂಗುವಾಗ ಒಳಗೆ ಕಲ್ಲು ತುಂಬಿರುತ್ತಿತ್ತು, ಸರಕು ತುಂಬಿ ತೂಗುವಾಗ ಕಲ್ಲು ಇರುತ್ತಿರಲಿಲ್ಲ. ವಿಷಯ ಖಚಿತವಾಗಿತ್ತು. ವಾಡಿಕೆಯಂತೆ ವಿಭಾಗದ ಅಭಿಪ್ರಾಯ ಕೇಳಿ ದೂರಿನ ನಕಲು ಕಳಿಸಿದೆ. ಹೆಸರಿನ ಮೇಲೆ ಕಾಗದ ಅಂಟಿಸಿ ನಕಲು ತೆಗೆಯಬೇಕೆಂದು ಹೊಳೆಯಲಿಲ್ಲ. ಹದಿನೈದು ದಿನದಲ್ಲಿ ಅವನಿಗೆ 600 ಕಿಲೋಮೀಟರ್ ದೂರದ ಘಟಕಕ್ಕೆ ವರ್ಗವಾಯಿತು. ಮಕ್ಕಳ ಶಾಲೆಯ ವರ್ಷದ ನಡುವೆ. ಆದೇಶದಲ್ಲಿ ಆಡಳಿತಾತ್ಮಕ ಕಾರಣ ಎಂದಿತ್ತು. ವರ್ಗ ನಿಲ್ಲಿಸಲು ಓಡಾಡಿದೆ, ಆಗಲಿಲ್ಲ. ಮೋಸ ಸಾಬೀತಾಯಿತು, ಹಣ ವಸೂಲಾಯಿತು, ನನಗೆ ಪ್ರಶಂಸಾ ಪತ್ರ ಬಂತು. ಅವನು ವಾಪಸು ಬರಲು ನಾಲ್ಕು ವರ್ಷ ಬೇಕಾಯಿತು.

ನನಗೆ ಗೊತ್ತಿರಬೇಕಿತ್ತು. ಹೆದ್ದಾರಿ ಪ್ರಾಧಿಕಾರದ ಇಂಜಿನಿಯರ್ ಸತ್ಯೇಂದ್ರ ದುಬೆ, ಸುವರ್ಣ ಚತುಷ್ಪಥದ ಕಾಮಗಾರಿಯ ಅಕ್ರಮದ ಬಗ್ಗೆ 2002ರಲ್ಲಿ ಪ್ರಧಾನಿ ಕಚೇರಿಗೆ ಪತ್ರ ಬರೆದು, ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ಅದು ದರೋಡೆಗಾಗಿ ನಡೆದ ಕೊಲೆ ಎಂದು ತನಿಖೆ ಹೇಳಿತು. ಆದರೆ ಗುಟ್ಟಾಗಿಡಬೇಕಿದ್ದ ಹೆಸರು ಬಯಲಾದದ್ದು ಸರ್ಕಾರದ ಕಡತದಿಂದಲೇ. ಎರಡು ವರ್ಷದ ಮೇಲೆ, 2005ರ ನವೆಂಬರಿನಲ್ಲಿ, ನಮ್ಮ ಕೋಲಾರ ಗೋಲ್ಡ್ ಫೀಲ್ಡ್ಸ್‌ನಲ್ಲಿ ಬೆಳೆದು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಮಂಜುನಾಥ್ ಷಣ್ಮುಗಂ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಗುಂಡಿಗೆ ಬಲಿಯಾದರು. ಇಂಡಿಯನ್ ಆಯಿಲ್‌ನ ಮಾರಾಟ ಅಧಿಕಾರಿಯಾಗಿದ್ದ ಅವರು ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕಿಗೆ ಬೀಗ ಹಾಕಿಸಿದ್ದರು. ವಯಸ್ಸು 27.

ದುಬೆಯವರ ಸಾವಿನ ನಂತರ, 2004ರಲ್ಲಿ, ಸರ್ಕಾರ ದೂರುದಾರರ ಗುರುತು ಕಾಪಾಡುವ ನಿರ್ಣಯ ಹೊರಡಿಸಿ ಜಾಗೃತ ಆಯೋಗಕ್ಕೆ ಆ ಹೊಣೆ ಕೊಟ್ಟಿತು. ಕೇಂದ್ರದ ಇಲಾಖೆ, ಉದ್ದಿಮೆ, ಬ್ಯಾಂಕುಗಳಲ್ಲಿ ಕೆಲಸ ಮಾಡುವ ಓದುಗರು ಇದನ್ನು ತಿಳಿದಿರಿ: ದೂರನ್ನು ಅಂಟಿಸಿದ ಲಕೋಟೆಯಲ್ಲಿಟ್ಟು, ಮೇಲೆ ಆ ನಿರ್ಣಯದ ಇಂಗ್ಲಿಷ್ ಹೆಸರಿನ ಸಂಕ್ಷಿಪ್ತ ರೂಪ 'ಪಿಐಡಿಪಿಐ' ಎಂದು ಬರೆದು ಆಯೋಗದ ಕಾರ್ಯದರ್ಶಿಗೆ ಕಳಿಸಬೇಕು. ಹೆಸರು, ವಿಳಾಸ ಒಳಗಿನ ಪತ್ರದಲ್ಲಿರಲಿ, ಲಕೋಟೆಯ ಮೇಲೆ ಬೇಡ. ನಕಲನ್ನು ಬೇರೆ ಯಾರಿಗೂ ಕಳಿಸಬೇಡಿ.

ನಿರ್ಣಯ ಕಾನೂನಿಗೆ ಸಮನಲ್ಲ. ಅದಕ್ಕೆಂದೇ ಸಂಸತ್ತು ದೂರುದಾರರ ರಕ್ಷಣೆಗೆ ಕಾನೂನು ಮಾಡಿತು. 2014ರ ಮೇ 9ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದು ಇಂದಿಗೂ ಜಾರಿಗೆ ಬಂದಿಲ್ಲ. ಹೊಸ ಆಯೋಗ ಬೇಕಿಲ್ಲ, ಹೊಸ ಸಮಿತಿ ಬೇಕಿಲ್ಲ. ಕಾನೂನು ಯಾವ ದಿನದಿಂದ ಜಾರಿ ಎಂದು ಹೇಳುವ ಒಂದು ಅಧಿಸೂಚನೆಯನ್ನು ಕೇಂದ್ರ ಸರ್ಕಾರ ಹೊರಡಿಸಬೇಕು. ನಿಮ್ಮ ಲೋಕಸಭಾ ಸದಸ್ಯರು ಮನೆಯ ಹತ್ತಿರ ಬಂದಾಗ ಆ ತಾರೀಖು ಯಾವುದೆಂದು ಕೇಳಿ.